ಜೀಪಿನ ಟಾಪಿಗೆ ಆಯ ನೋಡಿದ್ದು

ಮಳೆ ಬಂದರೆ ಮಂಡಕ್ಕಿ ಮೆತ್ತಗಾಗುತ್ತದೆ. ದಾವಣಗೆರೆಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಮಿಲಿಟರಿಯವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಜೀಪಿಗೆ ಬಟ್ಟೆಯ ಟಾಪು ಹಾಕಿ ಕಳಿಸುತ್ತಿರಲಿಲ್ಲ.

ಜೀಪು ನಮ್ಮಣ್ಣನದು. ಎರಡನೇ ಮಹಾಯುದ್ಧ ಮುಗಿದು ಹತ್ತು ಹನ್ನೆರಡು ವರ್ಷವಾಗಿತ್ತು. ಸೈನ್ಯದವರು ತಮಗೆ ಬೇಡವಾದದ್ದನ್ನೆಲ್ಲ ಹರಾಜು ಹಾಕಿದ್ದರಲ್ಲ, ಅದರಲ್ಲಿ ಯಾರೋ ಕೊಂಡು, ಅವರಿಂದ ಇನ್ಯಾರೋ ಕೊಂಡು, ಕೊನೆಗೆ ಯಾರಿಗೂ ಬೇಡವಾಗಿ ನಮ್ಮ ಅಂಗಳಕ್ಕೆ ಬಂದು ನಿಂತ ಗಾಡಿ ಅದು. ಇಂಥವಕ್ಕೆ ಊರಲ್ಲಿ ಡಿಸ್ಪೋಜಲ್ ಜೀಪು ಎನ್ನುತ್ತಿದ್ದರು. ಹಸಿರು ಬಣ್ಣ ಎದ್ದುಹೋದ ಕಡೆಯೆಲ್ಲ ಕೆಳಗೆ ಇನ್ನೊಂದು ಹಸಿರು ಬಣ್ಣ ಕಾಣುತ್ತಿತ್ತು. ಸ್ಟಾರ್ಟ್ ಆಗಬೇಕಾದರೆ ಮುಂದೆ ಹ್ಯಾಂಡಲ್ ಹಾಕಿ ತಿರುವಬೇಕು. ಆಗ ಅದು ಮೊದಲು ಒಣ ಕೆಮ್ಮು ಕೆಮ್ಮುತ್ತಿತ್ತು, ಆಮೇಲೆ ಬೈಯುತ್ತಿತ್ತು, ಆಮೇಲೆ ಗೊರಕೆ ಹೊಡೆಯುತ್ತಿತ್ತು. ಈ ಮೂರನ್ನೂ ನಾನು ಎರಡೇ ದಿನದಲ್ಲಿ ಕಲಿತೆ. ಅಣ್ಣ ಬೆವರು ಸುರಿಸಿ ಹ್ಯಾಂಡಲ್ ತಿರುವುವಾಗ ಹಿಂದಿನ ಸೀಟಿನಲ್ಲಿ ಬಗ್ಗಿ ಕೂತು ಗೊರಕೆ ಹೊಡೆದರೆ, ಸ್ಟಾರ್ಟ್ ಆಯಿತೆಂದು ಅವನು ಓಡಿಬಂದು ಸ್ಟೇರಿಂಗ್ ಹಿಡಿಯುತ್ತಿದ್ದ. ಆಮೇಲೆ ನನ್ನನ್ನು ಹಿಡಿಯುತ್ತಿದ್ದ.

ಆಗ ನನಗೆ ಇಪ್ಪತ್ತು ವರ್ಷ. ಇಂಟರ್‌ಮೀಡಿಯೆಟ್ ಫೇಲಾಗಿ ಮತ್ತೆ ಕಟ್ಟುವ ತಯಾರಿಯಲ್ಲಿದ್ದೆ. ತಯಾರಿ ಎಂದರೆ ಮನೆಯ ಕಟ್ಟೆಯ ಮೇಲೆ ಕೂತು, ನನ್ನನ್ನು ಫೇಲ್ ಮಾಡಿದ ಮೇಷ್ಟ್ರುಗಳ ದನಿ ತೆಗೆದು ಗೆಳೆಯರನ್ನು ನಗಿಸುವುದು. ಮೇಷ್ಟ್ರು, ಅಮಲ್ದಾರರು, ಬಸ್ಸಿನ ಕಂಡಕ್ಟರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಎಲ್ಲರಿಗಿಂತ ಚೆನ್ನಾಗಿ ಬರುತ್ತಿದ್ದದ್ದು ಅಪ್ಪನ ದನಿ.

ಅಪ್ಪನದು ಮಂಡಕ್ಕಿ ಭಟ್ಟಿ. ಭತ್ತದ ಹೊಟ್ಟು ಉರಿಸಿ, ಮರಳು ಕಾಯಿಸಿ, ಅದರಲ್ಲಿ ಅಕ್ಕಿ ಹುರಿಯುವ ಕೆಲಸ. ಅಣ್ಣ ಹನ್ನೆರಡು ವರ್ಷ ಆ ಉರಿಯ ಮುಂದೆ ಕೂತು ಹೊಗೆ ಕುಡಿದಿದ್ದ. ಬೆಳಗಾಗೆದ್ದರೆ ಕೆಮ್ಮು, ಮಲಗಿದರೆ ಎದೆಯಲ್ಲಿ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು. ಡಾಕ್ಟರು ಕೊಳವೆಯಿಟ್ಟು ನೋಡಿ, “ಹೊಗೆ ಬಿಡಪ್ಪ. ಬಿಡದಿದ್ರೆ ಮುಂದಿನ ವರ್ಷ ನನ್ ಹತ್ರ ಬರೋ ಶಕ್ತೀನೂ ಇರಲ್ಲ” ಎಂದಿದ್ದರು. ಅಪ್ಪ ಅದನ್ನು ಅರ್ಧ ನಂಬಿದ. “ಭಟ್ಟಿ ಮುಂದೆ ಕೂತೋರೆಲ್ಲ ಕೆಮ್ತಾರೆ. ನಾನು ಕೆಮ್ಮಲ್ವೇನು?” ಎಂದು ಕೆಮ್ಮಿ ತೋರಿಸಿದ.

ಅಣ್ಣ ತನ್ನ ದಾರಿ ತಾನು ಹುಡುಕಿಕೊಂಡ. ಹರಿಹರದ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ಚೀಲಗಟ್ಟಲೆ ಮಂಡಕ್ಕಿ ಬೇಕಾಗಿತ್ತು. ಬಸ್ಸಿನ ಮೇಲೆ ಹಾಕಿ ಕಳಿಸಿದ್ದು ಮಳೆಗಾಲದಲ್ಲಿ ಒದ್ದೆ ಹತ್ತಿಯಾಗಿ ಮುಟ್ಟುತ್ತಿತ್ತಂತೆ. ಗರಿಗರಿಯಾಗಿ ತಂದುಕೊಟ್ಟರೆ ವರ್ಷಪೂರ್ತಿ ನಿನ್ನ ಹತ್ತಿರವೇ ತೆಗೆದುಕೊಳ್ಳುತ್ತೇನೆ, ಒಂದು ಚೀಲ ಮೆತ್ತಗಾದರೆ ಮತ್ತೆ ಬರಬೇಡ ಎಂದು ಕ್ಯಾಂಟೀನಿನ ಮೇಲ್ವಿಚಾರಕರು ಹೇಳಿದ್ದರು. ಅದಕ್ಕೇ ಜೀಪು. ಅಪ್ಪನೂ ತನ್ನ ಷರತ್ತು ಹಾಕಿದ: “ಮಳೆಗಾಲದಾಗೆ ಒಣಾ ಮಂಡಕ್ಕಿ ಮುಟ್ಟಿಸಿ ತೋರ್ಸು. ಆಗ್ಲಿಲ್ಲಾಂದ್ರೆ ಆ ಕಬ್ಬಿಣ ಮಾರಿ ಬಂದು ಭಟ್ಟಿ ಮುಂದೆ ಕೂತ್ಕೊ. ಇನ್ನೊಂದ್ಸಲ ಡಾಕ್ಟ್ರು ಹೆಸ್ರು ಎತ್ತಬ್ಯಾಡ.”

ಹೀಗಾಗಿ ಅಣ್ಣನ ಎದೆಗೂ ಭಟ್ಟಿಯ ಹೊಗೆಗೂ ನಡುವೆ ಉಳಿದದ್ದು ಆ ಬಟ್ಟೆಯ ಟಾಪು. ಅದರಲ್ಲಿ ಎಷ್ಟು ತೂತಿದ್ದವೆಂದರೆ, ಕೆಳಗೆ ಕೂತು ನೋಡಿದರೆ ಹಗಲಲ್ಲೇ ನಕ್ಷತ್ರ ಕಾಣುತ್ತಿತ್ತು. ಹೊಲಿಸಿದೆವು, ಹೊಲಿಗೆ ಹಾಕಿದಲ್ಲೇ ಹರಿಯಿತು. ಡಾಂಬರು ಬಳಿದೆವು; ಬಿಸಿಲಿಗೆ ಕರಗಿ ಅಣ್ಣನ ತಲೆಗೆ ಎಣ್ಣೆ ಹಚ್ಚಿತು. ಇನ್ನು ಮರದ ಚೌಕಟ್ಟು ಕಟ್ಟಿ, ಮೇಲೆ ತಗಡು ಹೊಡೆಸಿ, ಗಟ್ಟಿ ಟಾಪು ಕೂರಿಸುವುದೇ ಸರಿ ಎಂದಾಯಿತು. ಬಸ್ಸಿನ ಬಾಡಿ ಕಟ್ಟುವವರ ಹತ್ತಿರ ಹೋದರೆ, “ಎರಡು ತಿಂಗಳು ಕೈ ಖಾಲಿ ಇಲ್ಲ. ಇದ್ರೂ ಇದನ್ನ ಮುಟ್ಟಲ್ಲ” ಎಂದರು. ಮುಂಗಾರಿಗೆ ಮೂರು ವಾರವೂ ಉಳಿದಿರಲಿಲ್ಲ.

ಆಗ ಅಪ್ಪನೇ ಹೇಳಿದ: “ನಿಟ್ಟುವಳ್ಳಿ ಆಚಾರ್ರ ಹತ್ರ ಹೋಗ್ರಿ. ನಮ್ಮನೆ ತಲಬಾಗ್ಲು ಮಾಡಿದೋರು. ಇವತ್ತಿಗೂ ಕಿರ್ ಅನ್ನಲ್ಲ.”

ನಿಟ್ಟುವಳ್ಳಿ ಆಗಿನ್ನೂ ಊರಾಚೆಯ ಹಳ್ಳಿ. ಆಚಾರ್ರಿಗೆ ಎಪ್ಪತ್ತು ದಾಟಿತ್ತು. ಎರಡು ಕಣ್ಣಿಗೂ ಪೊರೆ. ಮನುಷ್ಯರನ್ನು ದನಿಯಲ್ಲಿ, ಮರವನ್ನು ಬೆರಳಲ್ಲಿ ಗುರುತು ಹಿಡಿಯುತ್ತಿದ್ದರು. ಬಾಗಿಲು, ತೊಟ್ಟಿಲು, ಎತ್ತಿನ ಗಾಡಿ ಮಾಡಿದ ಕೈ. ಜೀಪನ್ನು ಅವರ ಕೆಲಸದ ಛಾವಣಿಯ ಮುಂದೆ ನಿಲ್ಲಿಸಿದೆವು. ಅವರು ಅದರ ಮೈಯೆಲ್ಲ ಸವರಿ, “ಮೂಕಿ ಎಲ್ಲಿ?” ಎಂದರು. ಎತ್ತು ಕಟ್ಟುವ ಮರ ಅದಕ್ಕಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ಅಣ್ಣ ಟೇಪು ಹಿಡಿದು ಅಳತೆ ಕೊಟ್ಟ: ಉದ್ದ ಎಪ್ಪತ್ತೆಂಟು ಇಂಚು, ಅಗಲ ಐವತ್ತೇಳು. ಅವರು ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡು ತಲೆಯಲ್ಲಿಟ್ಟರು. ಆಮೇಲೆ ಅಣ್ಣ ಬೀಡಿ ಅಂಗಡಿಗೆ ನೀರು ಕುಡಿಯಲು ಹೋದ. ನಾನು ಜೀಪಿನ ಆ ಬದಿ, ಹಿಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆ.

ಆಚಾರ್ರು ಗಾಳಿಯನ್ನು ಕೇಳಿದ ಹಾಗೆ ಕೇಳಿದರು: “ಯಜಮಾನ್ರು ಬಂದಿಲ್ಲೇನು? ಆಯದ್ದು ಒಂದು ಮಾತು ಕೇಳ್ಬೇಕಾಗಿತ್ತು.”

ಆಯ ಎಂದರೆ ನನಗೆ ಗೊತ್ತಿದ್ದದ್ದು ಒಂದೇ ಅರ್ಥ. ಹಳ್ಳಿಯಲ್ಲಿ ಬಡಿಗೇರು, ಕಮ್ಮಾರರು ವರ್ಷವೆಲ್ಲ ರೈತರ ಕೆಲಸ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣದಿಂದ ಕಾಳು ಒಯ್ಯುತ್ತಾರಲ್ಲ, ಆ ಆಯ. ಇವರು ಜೀಪಿನ ಟಾಪಿಗೂ ಜೋಳ ಕೇಳುತ್ತಿದ್ದಾರೆ ಎಂದುಕೊಂಡೆ. ನಗು ಒತ್ತರಿಸಿ ಬಂತು. ನಗುವ ಬದಲು, ಅಪ್ಪ ಮಾತಿಗೆ ಮುಂಚೆ ಗಂಟಲು ಕೆರೆಯುತ್ತಾನಲ್ಲ, ಹಾಗೆ ಕೆರೆದೆ. ಅಪ್ಪನ ದನಿಯಲ್ಲೇ ಹೇಳಿದೆ: “ಅದ್ರಾಗೆ ಕೇಳೋದೇನೈತೆ ಆಚಾರ್ರೇ. ಹಿರೇರು ಹೆಂಗೆ ನಡೆಸ್ಕೊಂಡು ಬಂದಾರೋ ಹಂಗೇ ನಡೆಸ್ರಿ.”

ಮುದುಕರು ಜೀಪಿನ ಕಡೆ ಕೈ ಮುಗಿದರು. “ಅಷ್ಟು ಹೇಳಿದ್ರಲ್ಲ ಯಜಮಾನ್ರೇ, ಸಾಕು. ಈಗಿನ ಹುಡುಗ್ರಿಗೆ ಅದೆಲ್ಲ ಬ್ಯಾಡ.”

ಆ ವಾರವೆಲ್ಲ ಕಟ್ಟೆಯ ಮೇಲೆ ಇದೇ ಕಥೆ. ಆಚಾರ್ರು ಕೈ ಮುಗಿದದ್ದನ್ನು ಅಭಿನಯಿಸಿ ತೋರಿಸಿದಾಗ ಗೆಳೆಯರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಒಗೆಯುತ್ತದೆ. ದನಿ ಕೊಟ್ಟರೆ ಏನು ಮಾಡುತ್ತದೆ ಎನ್ನುವುದು ಇನ್ನೂ ಗೊತ್ತಾಗಿರಲಿಲ್ಲ.

ಎಂಟು ದಿನದಲ್ಲಿ ಕೊಡುತ್ತೇವೆ ಎಂದದ್ದು ಹದಿನೈದಕ್ಕೆ ಹೋಯಿತು. ಒಂದು ದಿನ ಮರ ಸಿಗಲಿಲ್ಲ. ಒಂದು ದಿನ ಅಮಾವಾಸ್ಯೆ, ಉಳಿ ಮುಟ್ಟುವಂತಿಲ್ಲ. ಇನ್ನೊಂದು ದಿನ ಅವರ ಸೊಸೆಯ ತವರಿನವರು ಬಂದರು. ಅಣ್ಣ ದಿನಾ ಸೈಕಲ್ ತುಳಿದುಕೊಂಡು ಹೋಗಿ ಬರುತ್ತಿದ್ದ. ದಿನಾ ಅವರು, “ನಾಳೆ ಬರ್ರಿ, ನಾಳಿಗೆ ಮುಗೀತೈತೆ” ಎನ್ನುತ್ತಿದ್ದರು. ಚೌಕಟ್ಟು ಮುಗಿದ ಮೇಲೆ ತಗಡಿನ ಸಾಬರನ್ನು ಬಜಾರಿನಿಂದ ಕರೆದೊಯ್ದೆವು. ಅವರು ಚೌಕಟ್ಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಕ್ಯಾ ಭಾಯಿ, ಇದು ಜೀಪಿಗಾ? ನಾಲ್ಕು ಕಾಲು ಹಚ್ಚಿದ್ರೆ ಮದುವೆ ಮಂಚ ಆಗ್ತದೆ” ಎಂದು ನಕ್ಕು ತಗಡು ಹೊಡೆದು ಹೋದರು. ಆಗಲೇ ನಾವು ಅಳೆದು ನೋಡಬೇಕಿತ್ತು. ಅಷ್ಟು ಚಂದದ ಕೆಲಸ, ಜೋಡಣೆಯಲ್ಲಿ ಕೂದಲು ತೂರುವಷ್ಟು ಸಂದಿಲ್ಲ. ಅಂಥದ್ದನ್ನು ಯಾರು ಅಳೆಯುತ್ತಾರೆ?

ಶನಿವಾರ ಟಾಪು ಎತ್ತಿನ ಗಾಡಿಯಲ್ಲಿ ಬಂತು. ಜೊತೆಗೆ ಆಚಾರ್ರೂ ಬಂದರು, ಹೊಸ ಪಂಚೆ ಉಟ್ಟು. ಸೋಮವಾರ ಬೆಳಗ್ಗೆ ಹರಿಹರಕ್ಕೆ ಮೊದಲ ಮಂಡಕ್ಕಿ ಹೋಗಬೇಕು. ಆಕಾಶ ಆಗಲೇ ಹದಡಿ ಕಡೆಯಿಂದ ಕಪ್ಪಾಗಿ ಬರುತ್ತಿತ್ತು. ಆರು ಜನ ಸೇರಿ ಟಾಪನ್ನು ಎತ್ತಿ ಜೀಪಿನ ಮೇಲಿಟ್ಟೆವು. ಹಿಂದೆ ಸರಿಯಾಗಿ ಕೂತಿತು. ಮುಂದೆ ಕೂರಲಿಲ್ಲ. ಗಾಜಿನ ಚೌಕಟ್ಟಿನ ಮೇಲೆ ಒತ್ತಿ ಕೂರಬೇಕಾದ ತೊಲೆ ಅದನ್ನು ದಾಟಿ ಗಾಳಿಯಲ್ಲಿ ನಿಂತಿತ್ತು. ಗಾಜಿಗೂ ಸೂರಿಗೂ ನಡುವೆ ಎರಡು ಬೆರಳಗಲದ ಸೀಳು. ಸರಿ, ಹಿಂದಕ್ಕೆ ತಳ್ಳಿದೆವು. ಮುಂದೆ ಕೂತಿತು. ಆದರೆ ಈಗ ಹಿಂದಿನ ಅಂಚು ಜೀಪಿನ ಬಾಲ ದಾಟಿ ಹೊರಗೆ ಜೋತಾಡಿತು. ಅದರ ಕೆಳಗಿನ ಸಂದಿಯಿಂದ ಗಾಲಿ ಎರಚುವ ನೀರೆಲ್ಲ ನೇರವಾಗಿ ಚೀಲಕ್ಕೆ. ಮುಂದೆ ತಳ್ಳಿದೆವು, ಹಿಂದೆ ತಳ್ಳಿದೆವು. ಅಣ್ಣ ಟೇಪು ತಂದ. ಎಂಬತ್ತೊಂದು ಇಂಚು.

“ಆಚಾರ್ರೇ, ಮೂರಿಂಚು ಉದ್ದ ಆಗೈತಲ್ರೀ.”

“ಉದ್ದ ಅಲ್ಲಪ್ಪ, ಧ್ವಜ” ಎಂದರು ಅವರು ಶಾಂತವಾಗಿ.

ಅಣ್ಣ ನನ್ನ ಮುಖ ನೋಡಿದ. ನಾನು ಗಾಲಿಯ ಮುಖ ನೋಡಿದೆ.

“ನೀನು ಕೊಟ್ಟ ಅಳತೆ ಎಷ್ಟು? ಎಪ್ಪತ್ತೆಂಟು, ಐವತ್ತೇಳು. ಗುಣಿಸು. ಎಂಟರಿಂದ ಭಾಗಿಸು. ಎಷ್ಟು ಉಳೀತು?”

ಇಂಟರ್‌ಮೀಡಿಯೆಟ್ ಓದಿದವನು ನಾನಲ್ಲವೇ, ಬಾನೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಮಾಡಿದೆ. ಆರು ಉಳಿಯಿತು.

“ಆರು ಉಳಿದ್ರೆ ಖರಾಯ. ಖರ ಅಂದ್ರೆ ಕತ್ತೆ. ನಿಮ್ಮಪ್ಪನ ಮನೆಗೆ ಕತ್ತೆ ಆಯದ ಸಾಮಾನು ಮಾಡ್ಕೊಡ್ಲೇನು ನಾನು? ಒಂದಿಂಚು ಬೆಳೆಸಿದ್ರೆ ಗಜ ಬರ್ತೈತೆ. ಆನೆ. ಒಳ್ಳೇದೇ, ಮನೆಯಾಗಿದ್ರೆ. ಓಡೋ ಗಾಡಿಗೆ ಆನೆ ಕೂರಿಸಿದ್ರೆ ನಡಿಗೆ ನಿಧಾನ. ಅದಕ್ಕೇ ಮೂರಿಂಚು ಬೆಳೆಸಿ ಧ್ವಜಕ್ಕೆ ತಂದೆ. ಬಾವುಟ. ಮಿಲಿಟ್ರಿ ಗಾಡಿ ಅಂತೀರಿ, ಬಾವುಟ ಬ್ಯಾಡೇನು?”

ಆಗ ನನಗೆ ಆಯದ ಇನ್ನೊಂದು ಅರ್ಥ ತಿಳಿಯಿತು. ಮನೆಗೆ, ಬಾಗಿಲಿಗೆ ಅಳತೆ ಹಾಕುವಾಗ ಶುಭ ಅಶುಭ ನೋಡುತ್ತಾರಲ್ಲ, ಆ ಆಯ.

“ಮನೆಗೆ ಆಯ ನೋಡೋದು ಕೇಳೀನಿ” ಎಂದ ಅಣ್ಣ. “ಜೀಪಿಗೆ ಯಾರ್ರೀ ನೋಡ್ತಾರೆ? ನಿಮ್ಗೆ ನೋಡ್ರಿ ಅಂದೋರ್ಯಾರು?”

“ಯಜಮಾನ್ರೇ ಅಂದ್ರು. ಹಿರೇರು ನಡೆಸಿದಂಗೆ ನಡೆಸ್ರಿ ಅಂತ. ನಮ್ಮ ಛಾವಣಿ ಮುಂದೆ ನಿಂತು ಅಂದ್ರು.”

ಅಪ್ಪ ಗದ್ದಲ ಕೇಳಿ ಭಟ್ಟಿಯಿಂದ ಆಗಷ್ಟೇ ಬಂದು ನಿಂತಿದ್ದ. ಅಣ್ಣ ಅವನ ಕಡೆ ತಿರುಗಿದ. “ನೀನು ಹೇಳಿದ್ಯೇನು?”

ಅಪ್ಪ ಅಣ್ಣನನ್ನು ನೋಡಿದ, ಜೀಪನ್ನು ನೋಡಿದ, ಕಣ್ಣು ಕಾಣದೆ ಎತ್ತಲೋ ಮುಖ ಮಾಡಿ ನಗುತ್ತಿದ್ದ ಆಚಾರ್ರನ್ನು ನೋಡಿದ. ಅಪ್ಪ ನಿಟ್ಟುವಳ್ಳಿಗೆ ಕಾಲಿಟ್ಟು ತಿಂಗಳಾಗಿತ್ತು. ಆದರೂ ಅಂದ: “ಹೇಳಿದ್ರೆ ಏನೀಗ? ಪದ್ಧತಿ ಅಂದ್ರೆ ಪಾಪ ಏನೂ ಅಲ್ವಲ್ಲ.”

ಅಣ್ಣನಿಗೆ ಅಷ್ಟೇ ಸಾಕಾಯಿತು. “ಗೊತ್ತಾತು ಬಿಡು. ನಾನು ಭಟ್ಟಿ ಬಿಟ್ಟು ಎದ್ದೋಗ್ಬಾರ್ದು, ಅದಕ್ಕೆ ಮಾಡಿದ್ದು ಇದು. ಆಚಾರ್ರ ಹೆಸ್ರು ಹೇಳಿದೋನೂ ನೀನೇ, ಕೆಡಿಸಿದೋನೂ ನೀನೇ” ಎಂದ. ಅಪ್ಪ ತಿರುಗಿ ಭಟ್ಟಿಗೆ ಹೋದ.

ಊರಿನ ಮೂವತ್ತು ಜನರ ದನಿಯಿದ್ದ ಬಾಯಿ ನನ್ನದು. ಆ ಹೊತ್ತಿಗೆ ಒಂದೂ ಹೊರಡಲಿಲ್ಲ.

ಮೂರಿಂಚು ಕೊಯ್ದುಕೊಡ್ರಿ ಎಂದು ಅಣ್ಣ ಆಚಾರ್ರನ್ನು ಬೇಡಿಕೊಂಡ. “ಯಜಮಾನ್ರು ಕೇಳಿ ಕಟ್ಟಿಸಿದ ಆಯ. ಕೊಯ್ದು ಕತ್ತೆಗೆ ಇಳಿಸು ಅಂದ್ರೆ ನನ್ನ ಕೈ ಬರಲ್ಲಪ್ಪ” ಎಂದು ಅವರು ಅದೇ ಎತ್ತಿನ ಗಾಡಿ ಹತ್ತಿ ಹೋದರು. ಬಜಾರಿನ ಬಡಗಿಗಳನ್ನು ಕೇಳಿದರೆ ಎಲ್ಲರದೂ ಒಂದೇ ಪಾಠ: “ಅವ್ರು ಕೈ ಇಟ್ಟ ಕೆಲ್ಸಕ್ಕೆ ನಾವು ಗರಗಸ ಹಚ್ಚಲ್ಲ.” ಭಾನುವಾರವೆಲ್ಲ ಹೀಗೇ ಕಳೆಯಿತು. ಅಣ್ಣ ಅಪ್ಪನ ಜೊತೆ ಮಾತು ಬಿಟ್ಟ. ಊಟಕ್ಕೆ ಕೂತಾಗ ಅಪ್ಪ, “ಚಟ್ನಿ ಕೊಡು” ಎಂದರೆ ಅಣ್ಣ ನನ್ನ ಕಡೆ ತಿರುಗಿ, “ಚಟ್ನಿ ಬೇಕಂತೆ” ಎನ್ನುತ್ತಿದ್ದ. ಚಟ್ನಿ ನನ್ನ ಕೈಯಿಂದ ಹೋಗುತ್ತಿತ್ತು.

ಸೋಮವಾರ ಬೆಳಗ್ಗೆ ಸರಿಯಾಗಿ ಮಳೆ. ಟಾಪನ್ನು ಮುಂದಕ್ಕೆ ತಳ್ಳಿದರೆ ನೆನೆಯುವವನು ಡ್ರೈವರು, ಹಿಂದಕ್ಕೆ ತಳ್ಳಿದರೆ ನೆನೆಯುವುದು ಮಂಡಕ್ಕಿ. ಅಣ್ಣ ಮುಂದಕ್ಕೆ ತಳ್ಳಿ ಹಗ್ಗ ಬಿಗಿದ. ಗೋಣಿಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡ. ತೇಗದ ಚೌಕಟ್ಟು, ಹೊಸ ತಗಡು, ಗಟ್ಟಿ ಟಾಪು, ಅದರ ಕೆಳಗೆ ಹೊಲ ಕಾಯುವವನ ಹಾಗೆ ಗೋಣಿ ಕೊಪ್ಪೆ ಹೊದ್ದ ಡ್ರೈವರು. ಬೇರೆ ದಿನವಾಗಿದ್ದರೆ ಈ ನೋಟವನ್ನು ನಾನು ಒಂದು ತಿಂಗಳು ಆಡಿ ತೋರಿಸುತ್ತಿದ್ದೆ.

ಹರಿಹರಕ್ಕೆ ಹೋಗುವಾಗ ಗಾಳಿ ಎದುರಿಗೆ. ಎರಡು ಬೆರಳಗಲದ ಆ ಸೀಳಿನಿಂದ ನೀರು ಹನಿಯಾಗಿ ಬರಲಿಲ್ಲ, ಚಾಟಿಯಾಗಿ ಬಂತು. ನಾನು ಪಕ್ಕದಲ್ಲಿ ಕೂತು ಚಿಂದಿ ಬಟ್ಟೆ ತುರುಕಿದೆ. ಗಾಳಿ ಅದನ್ನು ಕಿತ್ತು ನನ್ನ ಬಾಯಿಗೇ ತುರುಕಿತು. ಮುಂದೆ ಚಾಚಿದ್ದ ತೊಲೆ ಗಾಳಿ ಹಿಡಿದು ಟಾಪೆಲ್ಲ ಎದ್ದೆದ್ದು ಕೂರುತ್ತಿತ್ತು. ನಾನು ಎರಡೂ ಕೈಯಿಂದ ಅದನ್ನು ಹಿಡಿದು ನೇತಾಡಿದೆ. ಅಣ್ಣ ಕೆಮ್ಮುತ್ತಾ ಓಡಿಸಿದ. ಕೆಮ್ಮು ಬಂದಾಗ ಜೀಪು ಎಡಕ್ಕೆ ಹೋಗುತ್ತಿತ್ತು, ನಿಂತಾಗ ನೆಟ್ಟಗಾಗುತ್ತಿತ್ತು.

ಕ್ಯಾಂಟೀನಿನ ಮೇಲ್ವಿಚಾರಕರು ಎಲ್ಲಕ್ಕಿಂತ ಕೆಳಗಿದ್ದ ಚೀಲವನ್ನೇ ಬಿಚ್ಚಿಸಿದರು. ಮೊಣಕೈವರೆಗೂ ಕೈ ಇಳಿಸಿ, ತಳದಿಂದ ಒಂದು ಹಿಡಿ ತೆಗೆದು, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ಅಗಿದರು. ಕರುಂ ಎಂದಿತು. “ಗುರುವಾರನೂ ಹಿಂಗೇ ಇರ್ಬೇಕು” ಎಂದರು. ಆಮೇಲೆ ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, “ನೀವೇನು ಹೊಳೆ ಈಜಿ ಬಂದ್ರಾ?” ಎಂದರು.

ವಾಪಸು ಬರುವಾಗ ಅಣ್ಣನಿಗೆ ಚಳಿ ಹಿಡಿದಿತ್ತು. ಹಲ್ಲು ಕಡಿಯುತ್ತಾ ಹೇಳಿದ: “ಗುರುವಾರದ್ದು ಕೊಟ್ಮೇಲೆ ಹರಿಹರದಾಗೇ ಒಂದು ರೂಮು ನೋಡ್ತೀನಿ. ಮಂಡಕ್ಕಿ ಬೇರೆ ಭಟ್ಟಿಯಿಂದ ತಗೋತೀನಿ. ಮಗನ ಎದೆಗಿಂತ ಭಟ್ಟಿ ದೊಡ್ಡದಾದ ಅಪ್ಪನ ಹತ್ರ ಇನ್ನು ಇರಲ್ಲ.”

ಇನ್ನು ತಡೆಯಲಾಗಲಿಲ್ಲ. “ಅಣ್ಣ, ಆಚಾರ್ರಿಗೆ ಹೇಳಿದ್ದು ಅಪ್ಪ ಅಲ್ಲ.”

“ಮತ್ಯಾರು?”

“ನಾನು. ಅಪ್ಪನ ದನಿಯಾಗೆ.”

ಅಣ್ಣ ಜೀಪು ನಿಲ್ಲಿಸಿದ. “ಹೆಂಗೆ ಅಂದೆ? ಅನ್ನು ನೋಡಾಣ” ಎಂದ. ಗಂಟಲು ಕೆರೆದು ಅಂದೆ. ಪೂರ್ತಿ ಕೇಳಿಸಿಕೊಂಡು, “ಥೇಟ್ ಅಪ್ಪನೇ” ಎಂದ. ಆಮೇಲೆ, “ಇಳಿ” ಎಂದ.

ಇಳಿದೆ. ಜೀಪು ಹೊರಟುಹೋಯಿತು. ಧ್ವಜಾಯದ ಟಾಪು ಮಳೆಯಲ್ಲಿ ಮೂಗು ಚಾಚಿಕೊಂಡು ದೂರವಾಗುವುದನ್ನು ನೋಡುತ್ತಾ ನಿಂತೆ. ದಾವಣಗೆರೆ ಇನ್ನೂ ಐದು ಮೈಲಿ ಇತ್ತು. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ, ಒಂದೊಂದು ಮೈಲಿಗೆ ಒಬ್ಬೊಬ್ಬ ಮೇಷ್ಟ್ರ ದನಿಯಲ್ಲಿ. ಸ್ವಂತ ದನಿಯಲ್ಲಿ ಬೈದುಕೊಳ್ಳಲು ಧೈರ್ಯ ಬರಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅಪ್ಪನಿಗೆ ವಿಷಯ ಮುಟ್ಟಿತ್ತು. ಹೊಡೆಯುತ್ತಾನೆಂದು ಬೆನ್ನು ಗಟ್ಟಿ ಮಾಡಿಕೊಂಡೆ. ಹೊಡೆಯಲಿಲ್ಲ. ಒಲೆಯ ಪಕ್ಕ ಕಂಬಳಿ ಹೊದ್ದು ಕೂತಿದ್ದ ಅಣ್ಣ ಅವತ್ತು ಮೊದಲ ಸಲ ನೇರವಾಗಿ ಅಪ್ಪನನ್ನೇ ಕೇಳಿದ: “ನಾನಲ್ಲ ಅಂತ ಶನಿವಾರನೇ ಅನ್ನಬೌದಿತ್ತಲ್ಲ?”

“ಕಣ್ಣು ಕಾಣದ ಮುದುಕ. ನಮ್ಮ ಅಂಗಳದಾಗೆ, ಆರು ಜನರ ಮುಂದೆ, ನೀನು ಸುಳ್ಳು ಹೇಳ್ತೀಯ ಅನ್ನಲೇನು?” ಎಂದ ಅಪ್ಪ. “ಅವ್ರಿಗೆ ಎಲ್ಲೋ ಭ್ರಮೆ ಆಗೈತೆ ಅನ್ಕೊಂಡೆ. ನೀನು ನನ್ನ ಹಂಗೆ ತಿಳ್ಕೊಂತೀಯ ಅಂತ ನನಗೇನು ಗೊತ್ತು.” ಅಣ್ಣ ಏನೋ ಹೇಳಲು ಹೋದ, ಕೆಮ್ಮು ಬಂತು. ಬಹಳ ಹೊತ್ತು ಬಂತು. ಅದು ನಿಲ್ಲುವವರೆಗೂ ಅಪ್ಪ ಅವನ ಬೆನ್ನನ್ನೇ ನೋಡುತ್ತಾ ಕೂತಿದ್ದ. ತಾನು ಕೆಮ್ಮಿ ತೋರಿಸಲಿಲ್ಲ.

ಮಂಗಳವಾರ ಮೂವರೂ ನಿಟ್ಟುವಳ್ಳಿಗೆ ಹೋದೆವು, ಜೀಪಿನ ಮೇಲೆ ಟಾಪು ಹೊತ್ತುಕೊಂಡು. ನಾನು ಆಚಾರ್ರ ಕಾಲು ಮುಟ್ಟಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖ ಚಿಕ್ಕದಾಯಿತು. ಅಪ್ಪ ಗಂಟಲು ಕೆರೆದು, “ಆಚಾರ್ರೇ, ಹುಡುಗ ತಪ್ಪು ಮಾಡ್ಯಾನೆ. ಈಗ ನಾನು ಕೇಳ್ತೀನಿ, ಮೂರಿಂಚು ಕೊಯ್ದುಬಿಡ್ರಿ” ಎಂದ.

“ಈಗ ಮಾತಾಡಿದ್ದು ಯಾರು?” ಎಂದರು ಆಚಾರ್ರು.

“ನಾನೇ.”

“ಹೋದ ಸಲಾನೂ ಹಿಂಗೇ ಕೇಳಿಸ್ತು.”

“ಅಯ್ಯೋ, ನಾನೇ ಕಣ್ರೀ. ನಿಮ್ ಹತ್ರ ತಲಬಾಗ್ಲು ಮಾಡಿಸಿದೋನು.”

“ಅದು ಅವ್ನಿಗೂ ಗೊತ್ತಿರ್ತೈತೆ.”

ಅಪ್ಪ ತನ್ನ ಜೀವಮಾನದಲ್ಲಿ ಅಷ್ಟು ಅಸಹಾಯಕನಾಗಿ ನಿಂತದ್ದನ್ನು ನಾನು ನೋಡಿಲ್ಲ. ತಾನು ತಾನೇ ಎಂದು ರುಜುವಾತು ಮಾಡಲು ಅವನ ಹತ್ತಿರ ದನಿ ಬಿಟ್ಟು ಬೇರೇನೂ ಇರಲಿಲ್ಲ. ಅದನ್ನು ನಾನು ಕೆಡಿಸಿಟ್ಟಿದ್ದೆ. ಕೊನೆಗೆ ಆಚಾರ್ರೇ, “ಕೈ ಕೊಡ್ರಿ” ಎಂದರು. ಅಪ್ಪನ ಅಂಗೈಯನ್ನು ಹೆಬ್ಬೆರಳಿನಿಂದ ತಡವಿದರು, ಮರ ನೋಡುವ ಹಾಗೆ. ಭಟ್ಟಿಯ ಸೌಟು ಹಿಡಿದು ಹಿಡಿದು ಅಲ್ಲಿ ಕಲ್ಲಿನಂತೆ ಗಂಟು ಕಟ್ಟಿತ್ತು. “ಹ್ಞೂ, ಯಜಮಾನ್ರೇ” ಎಂದರು. “ಕೊಯ್ದ್ರೆ ಕತ್ತೆ ಆಯ ಆಗ್ತೈತೆ, ತಿಳೀತಾ?”

“ಆಗ್ಲಿ. ಮಂಡಕ್ಕಿ ಹೊರೋ ಗಾಡಿ, ಕತ್ತೆ ಆದ್ರೆ ಏನು. ನಮ್ಮ ಹುಡುಗನ ಎದೆ ಮ್ಯಾಲೆ ನೀರು ಬೀಳ್ತೈತೆ ಆಚಾರ್ರೇ. ಅವ್ನ ಎದೆ ಮೊದ್ಲೇ ಸರಿ ಇಲ್ಲ.”

ಅಣ್ಣ ಮುಖ ಆಚೆ ತಿರುಗಿಸಿದ. ಅಪ್ಪನ ಬಾಯಿಂದ ಆ ಮಾತು ಅದೇ ಮೊದಲು ಕೇಳಿದ್ದು.

ಆಚಾರ್ರು ಒಪ್ಪಿದರು, ಆದರೆ ಗರಗಸ ಮುಟ್ಟಲಿಲ್ಲ. “ನಾನು ಗೆರೆ ಹಾಕ್ತೀನಿ. ಆಯ ಕೇಳಿದೋನೇ ಕೊಯ್ಯಲಿ.” ತಗಡು ಬಿಚ್ಚಿ, ಅವರು ಬೆರಳಲ್ಲಿ ನೋಡಿ ಎಳೆದ ಗೆರೆಯ ಮೇಲೆ ಎರಡು ದಿನ ನಾನು ಕೊಯ್ದೆ. ತೇಗ ನನ್ನ ಮಾತು ಕೇಳಲಿಲ್ಲ. ಬೊಬ್ಬೆ ಎದ್ದವು, ಒಡೆದವು. ಆಚಾರ್ರು ಪಕ್ಕದಲ್ಲೇ ಕೂತು ಗರಗಸದ ಸದ್ದು ಕೇಳುತ್ತಾ, “ಸೊಟ್ಟ ಹೋಗ್ತೀಯ… ಈಗ ಇನ್ನೂ ಸೊಟ್ಟ” ಎಂದು ಹೇಳುತ್ತಲೇ ಇದ್ದರು. ಬುಧವಾರ ಸಂಜೆ ಸಾಬರು ಮತ್ತೆ ಬಂದು ತಗಡು ಹೊಡೆದರು. ಟಾಪು ಹಿಂದೆಯೂ ಕೂತಿತು, ಮುಂದೆಯೂ ಕೂತಿತು. ಮುಂದಿನ ಒಂದು ಮೂಲೆಯಲ್ಲಿ ಮಾತ್ರ, ನನ್ನ ಗರಗಸ ಹಾದಿ ತಪ್ಪಿದ್ದಲ್ಲಿ, ಕಡ್ಡಿ ತೂರುವಷ್ಟು ಸಂದಿ ಉಳಿಯಿತು. ಅದು ಡ್ರೈವರಿನ ಕಡೆಯಲ್ಲ, ಪಕ್ಕದವನ ಕಡೆ.

ಗುರುವಾರವೂ ಮಳೆ. ಚೀಲ ತುಂಬಿಸಿ ನಾನು ಹತ್ತಲು ಹೋದರೆ ಪಕ್ಕದ ಸೀಟಿನಲ್ಲಿ ಅಪ್ಪ ಕೂತಿದ್ದ, ತಲೆಗೆ ರುಮಾಲು ಸುತ್ತಿಕೊಂಡು. “ನಾನು ಹೋಗಿ ನೋಡ್ಕೊಂಡು ಬರ್ತೀನಿ. ನೀನು ಭಟ್ಟಿ ನೋಡ್ಕೊ” ಎಂದ. ಜೀಪು ಕೆಮ್ಮಿತು, ಬೈಯಿತು, ಹೊರಟಿತು. ನಾನು ಹುಟ್ಟಿದಂದಿನಿಂದ ತಪ್ಪಿಸಿಕೊಂಡು ಬಂದಿದ್ದ ಉರಿಯ ಮುಂದೆ ಮೊದಲ ಸಲ ಕೂತೆ. ಒದ್ದೆ ಹೊಟ್ಟು ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಅರ್ಧ ಗಂಟೆಗೆ ಕಣ್ಣು ಕಾಣದಾಯಿತು, ಒಂದು ಗಂಟೆಗೆ ಎದೆಯಲ್ಲಿ ಯಾರೋ ಉಪ್ಪುಕಾಗದ ಉಜ್ಜಿದ ಹಾಗಾಯಿತು. ಅಣ್ಣ ಇಲ್ಲಿ ಹನ್ನೆರಡು ವರ್ಷ ಕೂತಿದ್ದ.

ಹತ್ತು ಗಂಟೆಗೆ ಅವರು ವಾಪಸು ಬಂದರು. ಅಣ್ಣನ ಅಂಗಿ ನೆನೆದಿರಲಿಲ್ಲ. ಅಪ್ಪನ ಒಂದು ಭುಜ ಒದ್ದೆಯಾಗಿತ್ತು. ಅಪ್ಪ ಭಟ್ಟಿಯ ಬಾಗಿಲಲ್ಲಿ ನಿಂತು, ರುಮಾಲು ಹಿಂಡುತ್ತಾ ಹೇಳಿದ: “ಕ್ಯಾಂಟೀನಿನೋರಿಗೆ ಹೇಳಿ ಬಂದೀನಿ, ವರ್ಷಪೂರ್ತಿ ಇವ್ನೇ ತಂದ್ಕೊಡ್ತಾನೆ ಅಂತ. ಇನ್ನು ಇವ್ನು ಭಟ್ಟಿ ಒಳಗೆ ಬರಂಗಿಲ್ಲ. ಇಲ್ಲಿಗೊಬ್ಬ ಆಳು ನೋಡ್ಬೇಕು.”

ಅಣ್ಣ ಜೀಪಿನ ಹತ್ತಿರವೇ ನಿಂತು ತಗಡಿನ ಮೇಲಿನ ನೀರು ಒರೆಸುತ್ತಿದ್ದ. ಕೇಳಿಸದವನ ಹಾಗೆ ಒಂದೇ ಜಾಗವನ್ನು ಮತ್ತೆ ಮತ್ತೆ ಒರೆಸಿದ.

“ಆಳು ಸಿಗೋವರೆಗೂ?” ಎಂದು ನಾನು ಕೇಳಿದೆ, ಕೆಮ್ಮುತ್ತಾ.

“ಕೂತಿದ್ದೀಯಲ್ಲ” ಎಂದ ಅಪ್ಪ.

ಆಳು ಸಿಗಲು ಎಂಟು ತಿಂಗಳು ಹಿಡಿಯಿತು. ಅಪ್ಪ ಅಷ್ಟೇನೂ ಹುಡುಕಲಿಲ್ಲ ಎಂದು ನನ್ನ ಅನುಮಾನ.